ಬಸ್ಸು ಮೊದಲೋ, ತೆರಿಗೆ ಮೊದಲೋ?

(ವಾಹನಗಳ ಹೊಗೆ ತಗ್ಗಿಸುವ ನೀತಿಗಳು ಮತ್ತು ಜನಾಭಿಪ್ರಾಯ: ಭಾಷಣದ ಬರಹ ರೂಪ)



‘ಜನ ಒಪ್ಪುವುದಿಲ್ಲ’ ಎಂಬ ಮಾತನ್ನು ನೀವು ಅನೇಕ ಸಲ ಕೇಳಿರುತ್ತೀರಿ. ಸಮಾಜಕ್ಕೆ ಹಿತವಾಗುವ, ಆದರೆ ಸ್ವಲ್ಪ ಕಷ್ಟವನ್ನೂ ಕೊಡುವ ಯಾವುದೇ ಕಾನೂನಿನ ಪ್ರಸ್ತಾಪ ಬಂದಾಗ ಆಳುವವರ ಬಾಯಿಂದ ಮೊದಲು ಹೊರಡುವ ಮಾತು ಇದೇ. ಕೆಲವೊಮ್ಮೆ ಇದಕ್ಕೆ ತದ್ವಿರುದ್ಧವಾದ ಮಾತೂ ಕೇಳಿಬರುತ್ತದೆ. ‘ಸಮೀಕ್ಷೆ ಮಾಡಿಸಿದ್ದೇವೆ, ಬಹುಪಾಲು ಜನ ನಮ್ಮ ಪರವಾಗಿದ್ದಾರೆ’ ಎನ್ನುತ್ತಾರೆ. ಈ ಎರಡು ಮಾತುಗಳು ಎಷ್ಟರ ಮಟ್ಟಿಗೆ ನಿಜ? ಜನಾಭಿಪ್ರಾಯವೆಂದರೆ ತಕ್ಕಡಿಯಲ್ಲಿಟ್ಟು ಒಮ್ಮೆ ತೂಗಿ ಮುಗಿಸಬಹುದಾದ ವಸ್ತುವೇ? ಅಥವಾ ಕಾಲ, ಬೆಲೆ, ಅನುಭವ ಇವುಗಳ ಜೊತೆ ಬದಲಾಗುತ್ತಾ ಹೋಗುವ ಸಂಗತಿಯೇ?

ಈ ಪ್ರಶ್ನೆಯನ್ನು ಸುಮ್ಮನೆ ಚರ್ಚಿಸಿದರೆ ಅದು ಒಣ ಚರ್ಚೆಯಾಗುತ್ತದೆ. ಆದ್ದರಿಂದ ನಮ್ಮೆಲ್ಲರ ಉಸಿರಿಗೆ ಸಂಬಂಧಿಸಿದ ಒಂದು ವಿಷಯವನ್ನು ಇಟ್ಟುಕೊಂಡು ಇದನ್ನು ನೋಡೋಣ. ಆ ವಿಷಯ ವಾಹನಗಳ ಹೊಗೆ. ಅದನ್ನು ತಗ್ಗಿಸಲು ಅಮೆರಿಕದ ಕೆಲವು ರಾಜ್ಯಗಳು ಒಟ್ಟಾಗಿ ಮಾಡಿದ ಒಂದು ಪ್ರಯತ್ನ, ಅದರ ಸೋಲು, ಮತ್ತು ಬೇರೆ ಕಡೆ ಗೆದ್ದ ಇಂಥದ್ದೇ ಪ್ರಯತ್ನಗಳು ನಮಗೆ ಬಹಳಷ್ಟನ್ನು ಕಲಿಸುತ್ತವೆ.

ಹೊಗೆಗೆ ಗಡಿ ಇಲ್ಲ

ಪೆಟ್ರೋಲ್ ಮತ್ತು ಡೀಸೆಲ್ ಉರಿದಾಗ ಎರಡು ಬಗೆಯ ಹಾನಿಯಾಗುತ್ತದೆ. ಒಂದು, ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರಿ ಭೂಮಿಯ ತಾಪವನ್ನು ಹೆಚ್ಚಿಸುತ್ತದೆ. ಇದು ನಿಧಾನವಾದ ಹಾನಿ, ಇಡೀ ಜಗತ್ತಿಗೆ ಹಂಚಿಹೋಗುವ ಹಾನಿ. ಇನ್ನೊಂದು, ನೈಟ್ರೋಜನ್ ಆಕ್ಸೈಡ್‌ಗಳು ಮತ್ತು ಅತಿ ಸಣ್ಣ ಮಸಿಯ ಕಣಗಳು ಶ್ವಾಸಕೋಶಕ್ಕೆ ಹೋಗುತ್ತವೆ. ಇದು ತಕ್ಷಣದ ಹಾನಿ, ರಸ್ತೆಯ ಪಕ್ಕದಲ್ಲಿ ವಾಸಿಸುವವರಿಗೆ ಆಗುವ ಹಾನಿ. ಉಬ್ಬಸ, ಹೃದ್ರೋಗ, ಪಾರ್ಶ್ವವಾಯು ಇವುಗಳಿಗೂ ಈ ಹೊಗೆಗೂ ಇರುವ ನಂಟನ್ನು ವೈದ್ಯವಿಜ್ಞಾನ ದೃಢಪಡಿಸಿದೆ.

ಅಮೆರಿಕದಲ್ಲಿ ಒಂದು ಕಾಲಕ್ಕೆ ಹಸಿರುಮನೆ ಅನಿಲಗಳ ಅತಿ ದೊಡ್ಡ ಮೂಲ ವಿದ್ಯುತ್ ಸ್ಥಾವರಗಳಾಗಿದ್ದವು. ಕಲ್ಲಿದ್ದಲಿನ ಬಳಕೆ ಇಳಿಯುತ್ತಾ ಬಂದಂತೆ ಆ ಸ್ಥಾನಕ್ಕೆ ಸಾರಿಗೆ ಬಂತು. ಈಶಾನ್ಯದ ರಾಜ್ಯಗಳು ವಿದ್ಯುತ್ತಿನ ವಿಷಯದಲ್ಲಿ ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದವು. 2009ರಲ್ಲಿ ಅಲ್ಲಿನ ಹತ್ತು ರಾಜ್ಯಗಳು ಸೇರಿ ವಿದ್ಯುತ್ ಸ್ಥಾವರಗಳ ಹೊಗೆಗೆ ಒಟ್ಟಾರೆ ಮಿತಿ ಹಾಕುವ ಪ್ರಾದೇಶಿಕ ವ್ಯವಸ್ಥೆಯನ್ನು ಜಾರಿಗೆ ತಂದಿದ್ದವು. ಅದು ನಡೆಯಿತು, ಹೆಚ್ಚು ಗದ್ದಲವೂ ಆಗಲಿಲ್ಲ. ಹಾಗಾದರೆ ಅದೇ ಮಾದರಿಯನ್ನು ವಾಹನಗಳಿಗೂ ಯಾಕೆ ಅನ್ವಯಿಸಬಾರದು ಎಂಬ ಯೋಚನೆ ಸಹಜವಾಗಿಯೇ ಬಂತು.

ರಾಜ್ಯಗಳು ಒಟ್ಟಾಗಲು ಕಾರಣವೂ ಇತ್ತು. ಅಲ್ಲಿನ ರಾಜ್ಯಗಳು ಚಿಕ್ಕವು. ಒಂದು ರಾಜ್ಯದಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ ಇರುವವರು ಬಹಳ ಮಂದಿ. ಒಂದೇ ರಾಜ್ಯ ಇಂಧನದ ಬೆಲೆ ಏರಿಸಿದರೆ ಜನ ಗಡಿ ದಾಟಿ ಪಕ್ಕದ ರಾಜ್ಯದಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬರುತ್ತಾರೆ. ನಮ್ಮ ಗಡಿ ಜಿಲ್ಲೆಗಳಲ್ಲಿರುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಯೋಜನೆ ಏನಿತ್ತು?

2010ರಲ್ಲಿ ಈಶಾನ್ಯ ಮತ್ತು ಮಧ್ಯ ಅಟ್ಲಾಂಟಿಕ್ ತೀರದ ರಾಜ್ಯಗಳು ‘ಸಾರಿಗೆ ಮತ್ತು ಹವಾಮಾನ ಉಪಕ್ರಮ’ ಎಂಬ ಹೆಸರಿನ ಒಕ್ಕೂಟವನ್ನು ಕಟ್ಟಿಕೊಂಡವು. ಅನೇಕ ವರ್ಷಗಳ ಅಧ್ಯಯನದ ನಂತರ 2018ರ ಡಿಸೆಂಬರ್‌ನಲ್ಲಿ ಒಂಬತ್ತು ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ನಗರ ಸೇರಿ ವಾಹನಗಳ ಹೊಗೆಗೆ ಮಿತಿ ಹಾಕುವ ಯೋಜನೆಯನ್ನು ರೂಪಿಸುವುದಾಗಿ ಘೋಷಿಸಿದವು.

ಯೋಜನೆ ಹೀಗಿತ್ತು. ಪೆಟ್ರೋಲ್ ಮತ್ತು ಡೀಸೆಲ್‌ನ ದೊಡ್ಡ ಸಗಟು ಸರಬರಾಜುದಾರರು ತಾವು ಮಾರುವ ಇಂಧನದಿಂದ ಹೊರಬರುವ ಪ್ರತಿ ಟನ್ ಇಂಗಾಲಕ್ಕೂ ಒಂದು ಪರವಾನಗಿಯನ್ನು ಹರಾಜಿನಲ್ಲಿ ಕೊಳ್ಳಬೇಕು. ಪರವಾನಗಿಗಳ ಒಟ್ಟು ಸಂಖ್ಯೆಗೆ ಮಿತಿ ಇರುತ್ತದೆ, ಆ ಮಿತಿ ವರ್ಷ ವರ್ಷವೂ ಇಳಿಯುತ್ತಾ ಹೋಗುತ್ತದೆ. ಹರಾಜಿನಿಂದ ಬಂದ ಹಣವನ್ನು ಬಸ್ಸು, ರೈಲು, ಕಾಲುದಾರಿ, ಸೈಕಲ್ ಪಥ, ವಿದ್ಯುತ್ ವಾಹನ ಮುಂತಾದವುಗಳಿಗೆ ರಾಜ್ಯಗಳು ಖರ್ಚು ಮಾಡಬೇಕು.

2019ರ ಡಿಸೆಂಬರ್‌ನಲ್ಲಿ ಕರಡು ಒಪ್ಪಂದ ಪ್ರಕಟವಾಯಿತು. ಮಿತಿ ಎಷ್ಟು ಬಿಗಿಯಾಗಿರುತ್ತದೆ ಎಂಬುದನ್ನು ಅವಲಂಬಿಸಿ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, ಪೆಟ್ರೋಲಿನ ಬೆಲೆ 5ರಿಂದ 17 ಸೆಂಟ್‌ಗಳಷ್ಟು ಏರಬಹುದು ಎಂದು ಅದರಲ್ಲಿ ಅಂದಾಜಿಸಲಾಗಿತ್ತು. ಅದೇ ದಿನ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಗವರ್ನರ್ ಕ್ರಿಸ್ ಸುನುನು ತಮ್ಮ ರಾಜ್ಯ ಇದರಲ್ಲಿ ಸೇರುವುದಿಲ್ಲ ಎಂದುಬಿಟ್ಟರು.

ಮತ್ತೊಂದು ವರ್ಷ ಕಳೆಯಿತು. 2020ರ ಡಿಸೆಂಬರ್‌ನಲ್ಲಿ ಅಂತಿಮ ಒಪ್ಪಂದಕ್ಕೆ ಸಹಿ ಹಾಕಿದವರು ಎಷ್ಟು ಮಂದಿ? ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ರೋಡ್ ಐಲೆಂಡ್ ಎಂಬ ಮೂರು ರಾಜ್ಯಗಳು ಮತ್ತು ರಾಜಧಾನಿ ನಗರ ಮಾತ್ರ. 2022ರಿಂದ 2032ರವರೆಗಿನ ಅವಧಿಯಲ್ಲಿ ಸಾರಿಗೆಯ ಇಂಗಾಲವನ್ನು ಶೇ. 26ರಷ್ಟು ತಗ್ಗಿಸುವುದು, ವರ್ಷಕ್ಕೆ ಸುಮಾರು 30 ಕೋಟಿ ಡಾಲರ್ ಹಣವನ್ನು ಸಾರಿಗೆಗೆ ಹಾಕುವುದು, ಆ ಹಣದಲ್ಲಿ ಕನಿಷ್ಠ ಶೇ. 35ರಷ್ಟನ್ನು ಹೊಗೆಯಿಂದ ಹೆಚ್ಚು ಬಳಲಿದ ಮತ್ತು ಸಾರಿಗೆ ಸೌಲಭ್ಯವಿಲ್ಲದ ಬಡಾವಣೆಗಳಿಗೆ ಮೀಸಲಿಡುವುದು, ಇವು ಒಪ್ಪಂದದ ಮುಖ್ಯ ಅಂಶಗಳು. ಬೆಲೆಯ ಏರಿಕೆ ಗ್ಯಾಲನ್ನಿಗೆ 5ರಿಂದ 9 ಸೆಂಟ್ ಎಂದು ಹೇಳಲಾಯಿತು.

ಸಮೀಕ್ಷೆ ಗೆದ್ದಿತು, ಯೋಜನೆ ಸೋತಿತು

ಈ ಅವಧಿಯಲ್ಲಿ ನಡೆದ ಅಭಿಪ್ರಾಯ ಸಮೀಕ್ಷೆಗಳಲ್ಲಿ ಯೋಜನೆಯ ಪರವಾಗಿ ಸ್ಪಷ್ಟ ಬಹುಮತ ಕಂಡುಬಂದಿತ್ತು. ಹೊಗೆ ಕಡಿಮೆಯಾಗಬೇಕೇ, ಒಳ್ಳೆಯ ಬಸ್ಸು ರೈಲು ಬೇಕೇ, ರಾಜ್ಯಗಳು ಒಟ್ಟಾಗಿ ಕೆಲಸ ಮಾಡಬೇಕೇ ಎಂದು ಕೇಳಿದರೆ ‘ಬೇಡ’ ಎನ್ನುವವರು ಯಾರು? ಆದರೆ ‘ನಿಮ್ಮ ಪೆಟ್ರೋಲಿನ ಬೆಲೆ ಏರುತ್ತದೆ, ಒಪ್ಪುತ್ತೀರಾ?’ ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ. ಎರಡೂ ಪ್ರಶ್ನೆಗಳು ಒಂದೇ ಯೋಜನೆಯ ಬಗ್ಗೆ. ಎರಡೂ ಉತ್ತರಗಳು ಪ್ರಾಮಾಣಿಕವಾದವು.

2021 ಬಂತು. ಕೋವಿಡ್‌ನ ಬಿಗಿ ಸಡಿಲವಾಗಿ ಜನ ಮತ್ತೆ ಓಡಾಡತೊಡಗಿದರು. ಕಚ್ಚಾ ತೈಲದ ಬೆಲೆ ಏರಿತು. ಆ ವರ್ಷದ ನವೆಂಬರ್ ಹೊತ್ತಿಗೆ ಅಮೆರಿಕದಲ್ಲಿ ಪೆಟ್ರೋಲಿನ ಸರಾಸರಿ ಬೆಲೆ ಗ್ಯಾಲನ್ನಿಗೆ ಸುಮಾರು 3.40 ಡಾಲರ್ ಆಗಿತ್ತು. ಹಿಂದಿನ ವರ್ಷ ಇದೇ ಸಮಯಕ್ಕೆ ಅದು ಸುಮಾರು 2.10 ಡಾಲರ್ ಇತ್ತು. ಏಳು ವರ್ಷಗಳಲ್ಲೇ ಅತಿ ಹೆಚ್ಚಿನ ಬೆಲೆ ಅದು. ಇಂಧನ ವ್ಯಾಪಾರಿಗಳು ಮತ್ತು ತೆರಿಗೆ ವಿರೋಧಿ ಗುಂಪುಗಳು ಈ ಯೋಜನೆಗೆ ‘ಪೆಟ್ರೋಲ್ ತೆರಿಗೆ’ ಎಂಬ ಹೆಸರನ್ನು ಆಗಲೇ ಅಂಟಿಸಿದ್ದರು.

ಕನೆಕ್ಟಿಕಟ್ ರಾಜ್ಯದ ಶಾಸನಸಭೆ ಇದನ್ನು ಮತಕ್ಕೇ ಹಾಕದೆ ಅಧಿವೇಶನ ಮುಗಿಸಿತು. 2021ರ ನವೆಂಬರ್ 16ರಂದು ಅಲ್ಲಿನ ಗವರ್ನರ್ ನೆಡ್ ಲಮಾಂಟ್ ಇನ್ನು ಮುಂದೆ ಇದಕ್ಕಾಗಿ ಒತ್ತಾಯಿಸುವುದಿಲ್ಲ ಎಂದರು. ಎರಡು ದಿನಗಳ ನಂತರ ಮ್ಯಾಸಚೂಸೆಟ್ಸ್‌ನ ಗವರ್ನರ್ ಚಾರ್ಲಿ ಬೇಕರ್ ಕೂಡ ಹಿಂದೆ ಸರಿದರು. ಹತ್ತು ವರ್ಷಗಳ ಶ್ರಮ ಒಂದೇ ವಾರದಲ್ಲಿ ಮುಗಿದುಹೋಯಿತು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಿ. ಯೋಜನೆಯಿಂದ ಏರಬಹುದಾಗಿದ್ದ ಬೆಲೆ ಹೆಚ್ಚೆಂದರೆ 9 ಸೆಂಟ್. ಮಾರುಕಟ್ಟೆ ತಾನಾಗಿಯೇ ಏರಿಸಿದ್ದು ಸುಮಾರು 130 ಸೆಂಟ್. ಮಾರುಕಟ್ಟೆಯ 130 ಸೆಂಟ್‌ನಿಂದ ಆ ಊರಿಗೆ ಒಂದೇ ಒಂದು ಬಸ್ಸೂ ಬರಲಿಲ್ಲ. ಯೋಜನೆಯ 9 ಸೆಂಟ್‌ನಿಂದ ಬರಬಹುದಿತ್ತು. ಆದರೂ ಜನರ ಸಿಟ್ಟಿಗೆ ಗುರಿಯಾದದ್ದು ಆ 9 ಸೆಂಟ್. ಯಾಕೆಂದರೆ ಬೆಲೆ ಏರುವುದು ನಾಳೆ ಬೆಳಿಗ್ಗೆ, ಬಂಕಿನ ಫಲಕದ ಮೇಲೆ ದೊಡ್ಡ ಅಕ್ಷರಗಳಲ್ಲಿ. ಬಸ್ಸು ಬರುವುದು ಎಂದೋ, ಯಾರದೋ ಕಡತದಲ್ಲಿ.

ಹಾಗೆಂದು ಜನರನ್ನು ಮೂರ್ಖರೆಂದು ಬಗೆಯುವುದು ತಪ್ಪು. ಅವರ ಅನುಮಾನಕ್ಕೆ ಕಾರಣಗಳಿದ್ದವು. ಬಸ್ಸಿಲ್ಲದ ಹಳ್ಳಿಯಲ್ಲಿದ್ದು ದಿನವೂ ಹಳೆಯ ಕಾರಿನಲ್ಲಿ ಮೂವತ್ತು ಮೈಲಿ ಹೋಗಿ ದುಡಿಯುವವನಿಗೆ ಬೇರೆ ದಾರಿ ಏನಿತ್ತು? ಯೋಜನೆ ಇಲ್ಲದಿದ್ದರೂ ಹೊಸ ವಾಹನಗಳ ಗುಣಮಟ್ಟದಿಂದಲೇ ಹೊಗೆಯ ಬಹುಪಾಲು ಇಳಿಕೆ ಆಗಲಿತ್ತು ಎಂದು ಯೋಜನೆಯವರ ಅಂದಾಜೇ ಹೇಳುತ್ತಿತ್ತು. ಹಾಗಿದ್ದರೆ ಈ ಭಾರ ಯಾಕೆ ಎಂದು ವಿರೋಧಿಗಳು ಕೇಳಿದರು. ಇನ್ನೊಂದು ಕಡೆ, ಹೊಗೆಯಿಂದ ನರಳುವ ಬಡಾವಣೆಗಳ ಪರವಾಗಿ ದುಡಿಯುವ ಸಂಘಟನೆಗಳಲ್ಲಿಯೂ ಎಲ್ಲರೂ ಸಂತುಷ್ಟರಾಗಿರಲಿಲ್ಲ. ಒಟ್ಟಾರೆ ಮಿತಿ ಇಳಿದರೂ ನಮ್ಮ ಬೀದಿಯ ಹೊಗೆ ಇಳಿಯುತ್ತದೆ ಎಂಬ ಖಾತರಿ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಹೀಗೆ ಸಮೀಕ್ಷೆಯಲ್ಲಿ ‘ಹೌದು’ ಎಂದವರು ಬಹಳ ಮಂದಿ ಇದ್ದರು. ಆದರೆ ಕಷ್ಟದ ದಿನ ಬಂದಾಗ ಎದ್ದು ನಿಂತು ‘ಇದು ನಮ್ಮದು, ಬಿಡುವುದಿಲ್ಲ’ ಎನ್ನುವವರು ಸಾಕಷ್ಟು ಇರಲಿಲ್ಲ.

ಅದೇ ಜನ, ಎರಡು ತೀರ್ಪು

ಮ್ಯಾಸಚೂಸೆಟ್ಸ್ ರಾಜ್ಯದ ಜನ ಸಾರಿಗೆಗಾಗಿ ಹಣ ಕೊಡಲು ಸಿದ್ಧರಿಲ್ಲ ಎಂದು ಇದರಿಂದ ತೀರ್ಮಾನಿಸಬಹುದೇ? ಇಲ್ಲ. ಅದೇ ರಾಜ್ಯದ ಎರಡು ಮತದಾನಗಳನ್ನು ನೋಡಿ.

ಮೊದಲನೆಯದು 2014ರದ್ದು. ಹಿಂದಿನ ವರ್ಷ ಆ ರಾಜ್ಯ ಪೆಟ್ರೋಲ್ ತೆರಿಗೆಯನ್ನು 21ರಿಂದ 24 ಸೆಂಟ್‌ಗೆ ಏರಿಸಿ, ಮುಂದೆ ಹಣದುಬ್ಬರಕ್ಕೆ ತಕ್ಕಂತೆ ಅದು ತಾನಾಗಿಯೇ ಏರುತ್ತಾ ಹೋಗುವ ಕಾನೂನು ಮಾಡಿತ್ತು. ಈ ತಾನಾಗಿಯೇ ಏರುವ ಅಂಶವನ್ನು ಜನ ಮತದಾನದ ಮೂಲಕ ರದ್ದುಪಡಿಸಿದರು. ರದ್ದತಿಯ ಪರವಾಗಿ ಸುಮಾರು ಶೇ. 53ರಷ್ಟು ಮತ ಬಂತು.

ಎರಡನೆಯದು 2022ರ ನವೆಂಬರ್‌ನದ್ದು. ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಹೆಚ್ಚು ಆದಾಯ ಇರುವವರು ಆ ಹೆಚ್ಚಿನ ಆದಾಯದ ಮೇಲೆ ಇನ್ನೂ ಶೇ. 4ರಷ್ಟು ತೆರಿಗೆ ಕೊಡಬೇಕು, ಆ ಹಣವನ್ನು ಶಿಕ್ಷಣಕ್ಕೆ ಮತ್ತು ಸಾರಿಗೆಗೆ ಬಳಸಬೇಕು ಎಂಬ ಸಂವಿಧಾನ ತಿದ್ದುಪಡಿ ಜನರ ಮುಂದೆ ಬಂತು. ಸುಮಾರು ಶೇ. 52ರಷ್ಟು ಜನ ‘ಹೌದು’ ಎಂದರು. ಪ್ರಾದೇಶಿಕ ಯೋಜನೆ ಬಿದ್ದುಹೋಗಿ ಆಗ ಕೇವಲ ಒಂದು ವರ್ಷವಾಗಿತ್ತು.

ಈ ತೆರಿಗೆಯಿಂದ ನಿರೀಕ್ಷೆಗಿಂತ ಹೆಚ್ಚು ಹಣ ಬಂತು. ಅದರ ನೆರವಿನಿಂದ 2024ರಲ್ಲಿ ಬೋಸ್ಟನ್ ಪ್ರದೇಶದ ಬಸ್ಸು ರೈಲುಗಳಲ್ಲಿ ಕಡಿಮೆ ಆದಾಯದವರಿಗೆ ಅರ್ಧ ದರದ ಟಿಕೆಟ್ ಆರಂಭವಾಯಿತು. ಚಿಕ್ಕ ಊರುಗಳ ಪ್ರಾದೇಶಿಕ ಬಸ್ಸುಗಳಲ್ಲಿ ಉಚಿತ ಪ್ರಯಾಣಕ್ಕೂ ಹಣ ದೊರೆಯಿತು. ಇದಕ್ಕೂ ಮೊದಲೇ, 2022ರ ಮಾರ್ಚ್‌ನಲ್ಲಿ, ಬೋಸ್ಟನ್ ನಗರ ಕೋವಿಡ್ ಪರಿಹಾರದ ಹಣದಿಂದ 23, 28 ಮತ್ತು 29ನೇ ನಂಬರಿನ ಬಸ್ಸುಗಳನ್ನು ಉಚಿತಗೊಳಿಸಿತ್ತು. ಅವು ದುಡಿಯುವ ಜನ ಹೆಚ್ಚಾಗಿರುವ, ಕಪ್ಪು ಜನರೇ ಬಹುಪಾಲು ವಾಸಿಸುವ ಬಡಾವಣೆಗಳ ಬಸ್ಸುಗಳು.

ಹೀಗೆ ಒಂದೇ ರಾಜ್ಯದ ಮತದಾರರು ಎಂಟು ವರ್ಷಗಳ ಅಂತರದಲ್ಲಿ ಎರಡು ತೀರ್ಪು ಕೊಟ್ಟರು. ಅವರು ಸಾರಿಗೆಯನ್ನು ವಿರೋಧಿಸಿದವರಲ್ಲ, ತೆರಿಗೆಯನ್ನೇ ವಿರೋಧಿಸಿದವರೂ ಅಲ್ಲ. ಅವರ ಪ್ರಶ್ನೆ ಇಷ್ಟೇ: ಭಾರ ಯಾರ ಹೆಗಲ ಮೇಲೆ? ಫಲ ಯಾರ ಮನೆಗೆ? ಆದರೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಶ್ರೀಮಂತರ ತೆರಿಗೆಯಿಂದ ಬಸ್ಸು ಬರುತ್ತದೆ, ಆದರೆ ಅದರಿಂದಲೇ ಕಾರುಗಳ ಹೊಗೆಗೆ ಮಿತಿ ಬೀಳುವುದಿಲ್ಲ. ಬಸ್ಸೂ ಬೇಕು, ಮಿತಿಯೂ ಬೇಕು. ಮಿತಿಗೂ ಜನರ ಒಪ್ಪಿಗೆ ಸಿಗುತ್ತದೆಯೇ? ಇದಕ್ಕೆ ಉತ್ತರವನ್ನು ಅಮೆರಿಕದ ಇನ್ನೊಂದು ತೀರದಲ್ಲಿ ಹುಡುಕಬೇಕು.

ಎರಡು ಸಲ ಸೋತು ಮೂರನೆಯ ಸಲ ಗೆದ್ದದ್ದು

ಪಶ್ಚಿಮ ತೀರದ ವಾಷಿಂಗ್ಟನ್ ರಾಜ್ಯದಲ್ಲಿಯೂ ಸಾರಿಗೆಯೇ ಹೊಗೆಯ ಅತಿ ದೊಡ್ಡ ಮೂಲ. (ಇದು ರಾಜಧಾನಿ ವಾಷಿಂಗ್ಟನ್ ಅಲ್ಲ, ಸಿಯಾಟಲ್ ನಗರವಿರುವ ರಾಜ್ಯ.) ಅಲ್ಲಿ ಇಂಗಾಲಕ್ಕೆ ಬೆಲೆ ಕಟ್ಟುವ ಪ್ರಸ್ತಾಪವನ್ನು 2016ರಲ್ಲಿ ಜನರ ಮುಂದಿಟ್ಟಾಗ ಸುಮಾರು ಶೇ. 59ರಷ್ಟು ಜನ ತಿರಸ್ಕರಿಸಿದರು. 2018ರಲ್ಲಿ ಬೇರೆ ರೂಪದಲ್ಲಿ ಮತ್ತೆ ಇಟ್ಟಾಗ ತೈಲ ಕಂಪೆನಿಗಳು ಅದರ ವಿರುದ್ಧ 3 ಕೋಟಿ ಡಾಲರ್‌ಗೂ ಹೆಚ್ಚು ಹಣ ಸುರಿದವು. ಸುಮಾರು ಶೇ. 57ರಷ್ಟು ಜನ ‘ಬೇಡ’ ಎಂದರು.

ಎರಡು ಸಲ ಜನ ಬೇಡವೆಂದದ್ದನ್ನು 2021ರಲ್ಲಿ ಶಾಸನಸಭೆ ಕಾನೂನಾಗಿ ಮಾಡಿತು. ಹೊಗೆಗೆ ಮಿತಿ, ಪರವಾನಗಿಗಳ ಹರಾಜು, ಹಣದ ಹೂಡಿಕೆ, ಎಲ್ಲವೂ ಈಶಾನ್ಯದ ಯೋಜನೆಯಂತೆಯೇ. ಇಂಧನ ಮಾತ್ರವಲ್ಲ, ಕೈಗಾರಿಕೆ, ವಿದ್ಯುತ್ ಎಲ್ಲವೂ ಇದರಲ್ಲಿ ಸೇರಿದ್ದವು. 2023ರಲ್ಲಿ ಹರಾಜು ಆರಂಭವಾಯಿತು. ಬೆಲೆಯೂ ಏರಿತು. ಆ ವರ್ಷದ ಬೇಸಿಗೆಯಲ್ಲಿ ಇಡೀ ಅಮೆರಿಕದಲ್ಲೇ ಅತಿ ದುಬಾರಿ ಪೆಟ್ರೋಲ್ ವಾಷಿಂಗ್ಟನ್ ರಾಜ್ಯದ್ದಾಗಿತ್ತು. ಈಶಾನ್ಯದಲ್ಲಿ ಯೋಜನೆಯನ್ನು ಕೊಂದ ಭಯ ಇಲ್ಲಿ ನಿಜವೇ ಆಯಿತು ಎನ್ನಬಹುದು. ವಿರೋಧಿಗಳು ಸಹಿ ಸಂಗ್ರಹಿಸಿ ಕಾನೂನಿನ ರದ್ದತಿಗಾಗಿ 2024ರ ನವೆಂಬರ್‌ನಲ್ಲಿ ಮತ್ತೆ ಜನರ ಮುಂದೆ ಹೋದರು.

ಫಲಿತಾಂಶ ಏನಾಯಿತು? ಸುಮಾರು ಶೇ. 62ರಷ್ಟು ಜನ ಕಾನೂನನ್ನು ಉಳಿಸಿಕೊಂಡರು.

ಎಂಟು ವರ್ಷಗಳಲ್ಲಿ ಬದಲಾದದ್ದು ಏನು? ಆ ಹೊತ್ತಿಗೆ ಹಣದ ಫಲ ಕಣ್ಣಿಗೆ ಕಾಣತೊಡಗಿತ್ತು. 18 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ರಾಜ್ಯದ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿತ್ತು.  2024ರಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದ ಲಕ್ಷಾಂತರ ಕುಟುಂಬಗಳ ವಿದ್ಯುತ್ ಬಿಲ್ಲಿನಲ್ಲಿ 200 ಡಾಲರ್ ಕಡಿತವಾಯಿತು. ಕಾನೂನು ರದ್ದಾದರೆ ಇನ್ನಾವುದೆಲ್ಲ ನಿಂತುಹೋಗುತ್ತದೆ ಎಂದು ಪ್ರತಿ ಊರಿನಲ್ಲೂ ಹೆಸರು ಹಿಡಿದು ಹೇಳಲು ಸಾಧ್ಯವಾಯಿತು. ಮೊದಲ ಎರಡು ಸಲ ಜನರ ಮುಂದೆ ಇದ್ದದ್ದು ಒಂದು ಭರವಸೆ ಮತ್ತು ಒಂದು ಭಯ. ಮೂರನೆಯ ಸಲ ಇದ್ದದ್ದು ಅನುಭವ.

ಸ್ಟಾಕ್‌ಹೋಮ್‌ನ ಏಳು ತಿಂಗಳು

ಅನುಭವದ ಬಲ ಎಂಥದು ಎಂಬುದಕ್ಕೆ ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮ್ ಇನ್ನೂ ಸ್ಪಷ್ಟವಾದ ಉದಾಹರಣೆ. ಅಲ್ಲಿ ನಗರದ ಒಳಭಾಗಕ್ಕೆ ಬರುವ ವಾಹನಗಳ ಮೇಲೆ ದಟ್ಟಣೆ ಶುಲ್ಕ ಹಾಕಲು ತೀರ್ಮಾನಿಸಿದಾಗ ಪರವಾಗಿದ್ದವರು ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಾತ್ರ. ನಗರಾಡಳಿತ ಏನು ಮಾಡಿತು ಗೊತ್ತೇ? 2005ರ ಆಗಸ್ಟ್ ಕೊನೆಯಲ್ಲಿ ಸುಮಾರು 200 ಹೊಸ ಬಸ್ಸುಗಳನ್ನು, 16 ಹೊಸ ಮಾರ್ಗಗಳನ್ನು ಆರಂಭಿಸಿತು. ಅದಾದ ನಾಲ್ಕು ತಿಂಗಳ ನಂತರ, 2006ರ ಜನವರಿ 3ರಂದು ಶುಲ್ಕ ಆರಂಭವಾಯಿತು. ಅದೂ ಪ್ರಯೋಗಕ್ಕಾಗಿ, ಜುಲೈ 31ರವರೆಗೆ ಮಾತ್ರ. ಆಮೇಲೆ ನಿಮ್ಮ ಮತ ಕೇಳುತ್ತೇವೆ ಎಂದು ಮೊದಲೇ ಹೇಳಲಾಗಿತ್ತು.

ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಶೇ. 20ರಷ್ಟು ಕಡಿಮೆಯಾದವು. ರಸ್ತೆಗಳು ತೆರವಾದವು, ಗಾಳಿ ತಿಳಿಯಾಯಿತು. ಶುಲ್ಕ ಬಂದ ಮೇಲೆ ಚಿಕ್ಕ ಮಕ್ಕಳ ಉಬ್ಬಸದ ತೀವ್ರ ಪ್ರಕರಣಗಳು ಗಣನೀಯವಾಗಿ ಇಳಿದವು ಎಂದು ನಂತರದ ಸಂಶೋಧನೆ ತೋರಿಸಿತು. ಆಗಸ್ಟ್‌ನಲ್ಲಿ ಶುಲ್ಕ ನಿಂತಾಗ ವಾಹನಗಳು ಮತ್ತೆ ಹೆಚ್ಚಿದವು. ಜನ ಎರಡನ್ನೂ ಕಣ್ಣಾರೆ ಕಂಡರು. 2006ರ ಸೆಪ್ಟೆಂಬರ್ 17ರ ಜನಮತಗಣನೆಯಲ್ಲಿ ನಗರದ ಸುಮಾರು ಶೇ. 53ರಷ್ಟು ಜನ ಶುಲ್ಕವನ್ನು ಒಪ್ಪಿದರು. 2007ರ ಆಗಸ್ಟ್‌ನಿಂದ ಅದು ಕಾಯಂ ಆಯಿತು. ಕೆಲವೇ ವರ್ಷಗಳಲ್ಲಿ ಬೆಂಬಲ ಶೇ. 70ರ ಆಸುಪಾಸಿಗೆ ಏರಿತು.

ಆದರೆ ಎರಡು ವಿಷಯಗಳನ್ನು ಮುಚ್ಚಿಡಬಾರದು. ಒಂದು, ಹೊಸ ಬಸ್ಸುಗಳು ಬಂದ ಮಾತ್ರಕ್ಕೆ ಕಾರುಗಳು ಕಡಿಮೆಯಾಗಲಿಲ್ಲ, ಶುಲ್ಕ ಬಂದಾಗಲೇ ಕಡಿಮೆಯಾದವು. ಎರಡು, ಸುತ್ತಲಿನ ಪಟ್ಟಣಗಳಲ್ಲಿ ನಡೆದ ಮತದಾನಗಳಲ್ಲಿ ಬಹುಪಾಲು ‘ಬೇಡ’ ಎಂಬ ಉತ್ತರವೇ ಬಂತು. ಶುದ್ಧ ಗಾಳಿ ನಗರದವರಿಗೆ, ಶುಲ್ಕದ ಭಾರ ಹೊರಗಿನಿಂದ ಬರುವ ನಮಗೆ ಎಂದು ಅವರಿಗೆ ಅನಿಸಿದ್ದರೆ ಅದರಲ್ಲಿ ಅರ್ಥವಿದೆ. ಪ್ರಾದೇಶಿಕ ನೀತಿ ಎಂದಾಗ ಇಡೀ ಪ್ರದೇಶದ ನ್ಯಾಯವನ್ನು ನೋಡಬೇಕು ಎಂಬ ಪಾಠ ಇದರಲ್ಲಿದೆ.

ಪ್ರಯೋಗವಿಲ್ಲದೆ ಬರೀ ಕಾಗದದ ಮೇಲಿನ ಯೋಜನೆಗೆ ಮತ ಕೇಳಿದ ನಗರಗಳ ಗತಿ ಏನಾಯಿತು? 2005ರಲ್ಲಿ ಎಡಿನ್‌ಬರೋ ನಗರದ ಶೇ. 74ರಷ್ಟು ಮತದಾರರು ಇಂಥದ್ದೇ ಶುಲ್ಕವನ್ನು ತಿರಸ್ಕರಿಸಿದರು. 2008ರಲ್ಲಿ ಮ್ಯಾಂಚೆಸ್ಟರ್ ಪ್ರದೇಶದಲ್ಲಿ ಶೇ. 79ರಷ್ಟು ಮತದಾರರು ‘ಬೇಡ’ ಎಂದರು. ಮ್ಯಾಂಚೆಸ್ಟರ್‌ನಲ್ಲಿ ಸಾರಿಗೆಗೆ ಭಾರೀ ಹಣದ ಭರವಸೆಯೂ ಇತ್ತು. ಭರವಸೆಗೆ ಜನ ಮತ ಹಾಕಲಿಲ್ಲ.

ಅನುಭವಕ್ಕೆ ಬಂದರೆ ಸಾಕು, ಎಲ್ಲವನ್ನೂ ಜನ ಒಪ್ಪಿಕೊಳ್ಳುತ್ತಾರೆ ಎಂದೂ ಹೇಳಲಾಗದು. ಲಂಡನ್ ನಗರ 2003ರಲ್ಲಿ ಆರಂಭಿಸಿದ ದಟ್ಟಣೆ ಶುಲ್ಕ ಉಳಿಯಿತು. ಆದರೆ 2007ರಲ್ಲಿ ಪಶ್ಚಿಮದ ಬಡಾವಣೆಗಳಿಗೆ ಮಾಡಿದ ಅದರ ವಿಸ್ತರಣೆ 2010ರ ಕೊನೆಯಲ್ಲಿ ರದ್ದಾಯಿತು. ಫ್ರಾನ್ಸ್‌ನಲ್ಲಿ 2018ರಲ್ಲಿ ಇಂಧನ ತೆರಿಗೆಯ ಏರಿಕೆಯ ವಿರುದ್ಧ ಹಳದಿ ಅಂಗಿ ತೊಟ್ಟ ಸಾವಿರಾರು ಜನ ರಸ್ತೆಗಿಳಿದರು. ಅವರಲ್ಲಿ ಅನೇಕರು ಬಸ್ಸು ರೈಲು ಇಲ್ಲದ ಚಿಕ್ಕ ಊರುಗಳವರು. ಸರ್ಕಾರ ಏರಿಕೆಯನ್ನು ಕೈಬಿಟ್ಟಿತು. ಅನ್ಯಾಯದ ಅನುಭವವೂ ಅನುಭವವೇ ತಾನೆ?

ನಾವು ಕೇಳಬೇಕಾದ ಪ್ರಶ್ನೆಗಳು

ಓದುಗ ಮಿತ್ರರೇ, ಇದೆಲ್ಲ ದೂರದ ದೇಶಗಳ ಕಥೆ, ನಮಗೇನು ಎನ್ನಬೇಡಿ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ 1 ಕೋಟಿಯನ್ನು ದಾಟಿದೆ. ಅಲ್ಲಿಯೂ ದಟ್ಟಣೆ ಶುಲ್ಕದ ಪ್ರಸ್ತಾಪ ಆಗಾಗ ಕೇಳಿಬಂದು ಮರೆಯಾಗುತ್ತಿದೆ. ಇನ್ನೊಂದು ಕಡೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸತೊಡಗಿದರು. ಅದು ಹೊಗೆ ತಗ್ಗಿಸಲೆಂದು ಮಾಡಿದ ಯೋಜನೆಯಲ್ಲ. ಆದರೆ ಬಸ್ಸು ಕೈಗೆಟುಕಿದರೆ ಜನ ಬಸ್ಸು ಹತ್ತುತ್ತಾರೆ ಎಂಬುದನ್ನು ತುಂಬಿದ ಬಸ್ಸುಗಳು ತೋರಿಸಿಕೊಟ್ಟವು. ಇಂದಲ್ಲ ನಾಳೆ ನಮ್ಮ ಮುಂದೆಯೂ ಇಂಥ ನೀತಿಗಳು ಬರುತ್ತವೆ. ಆಗ ನಮ್ಮ ಅಭಿಪ್ರಾಯವನ್ನೂ ಕೇಳುತ್ತಾರೆ. ಅದಕ್ಕೆ ನಾವು ಈಗಲೇ ಸಿದ್ಧರಾಗಬೇಕು.

ಯಾವುದೇ ಪ್ರಸ್ತಾಪ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿ. ಮೊದಲನೆಯದು, ಭಾರ ಯಾರ ಮೇಲೆ ಬೀಳುತ್ತದೆ? ಬೇರೆ ದಾರಿಯೇ ಇಲ್ಲದ ಬಡವನ ಮೇಲೋ, ದಾರಿ ಇದ್ದೂ ಬಳಸದವನ ಮೇಲೋ? ಎರಡನೆಯದು, ಬಂದ ಹಣ ಎಲ್ಲಿಗೆ ಹೋಗುತ್ತದೆ, ಅದರ ಲೆಕ್ಕವನ್ನು ಜನರಿಗೆ ಯಾರು ಕೊಡುತ್ತಾರೆ? ಮೂರನೆಯದು, ಫಲ ಯಾವಾಗ ಕಾಣುತ್ತದೆ? ಶುಲ್ಕಕ್ಕಿಂತ ಮೊದಲು ಬಸ್ಸು ಬರುತ್ತದೆಯೋ, ಅಥವಾ ಬಸ್ಸು ಬರೀ ಮಾತಿನಲ್ಲಿಯೇ ಇರುತ್ತದೆಯೋ? ಈ ಮೂರಕ್ಕೂ ಸಮರ್ಪಕ ಉತ್ತರವಿದ್ದರೆ ಸ್ವಲ್ಪ ಕಷ್ಟವಾದರೂ ಬೆಂಬಲಿಸಿ. ಉತ್ತರವಿಲ್ಲದಿದ್ದರೆ ಸುಮ್ಮನೆ ವಿರೋಧಿಸಬೇಡಿ, ಉತ್ತರಕ್ಕಾಗಿ ಒತ್ತಾಯಿಸಿ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಪತ್ರಿಕೆಯಲ್ಲಿ ‘ಶೇ. 70 ಜನ ಪರ’ ಎಂಬ ಶೀರ್ಷಿಕೆ ಕಂಡಾಗ ಅಲ್ಲಿಗೇ ನಿಲ್ಲಬೇಡಿ. ಸಮೀಕ್ಷೆ ಮಾಡಿಸಿದವರು ಯಾರು? ಎಷ್ಟು ಮಂದಿಯನ್ನು, ಯಾವ ಊರಿನವರನ್ನು ಕೇಳಿದರು? ಪ್ರಶ್ನೆಯ ಶಬ್ದಗಳು ಯಾವುವು? ಬರೀ ಲಾಭವನ್ನು ಹೇಳಿ ಕೇಳಿದರೋ, ಬರೀ ಬೆಲೆಯನ್ನು ಹೇಳಿ ಕೇಳಿದರೋ, ಎರಡನ್ನೂ ಹೇಳಿ ಕೇಳಿದರೋ? ಯಾವ ತಿಂಗಳಿನಲ್ಲಿ ಕೇಳಿದರು? ಇಷ್ಟನ್ನು ವಿಚಾರಿಸುವ ಅಭ್ಯಾಸ ಬಂದರೆ ಕಲಿತ ಗಣಿತ, ಸಮಾಜಶಾಸ್ತ್ರ ಎರಡೂ ಸಾರ್ಥಕ.

ಕೊನೆಯದಾಗಿ, ಸಮೀಕ್ಷೆಗೆ ಸುಲಭವಾಗಿ ಸಿಗದ ಅಭಿಪ್ರಾಯವೂ ಒಂದಿದೆ. ಬೋಸ್ಟನ್‌ನ ಚೈನಾಟೌನ್ ಎಂಬ ಬಡಾವಣೆ ಎರಡು ದೊಡ್ಡ ಹೆದ್ದಾರಿಗಳ ಮಗ್ಗುಲಿನಲ್ಲಿದೆ. ಅಲ್ಲಿ ಕಾರಿಲ್ಲದ ಮನೆಗಳೇ ಬಹಳ. ಹೊಗೆಯನ್ನು ಉಂಟುಮಾಡದವರು ಹೊಗೆಯನ್ನು ಹೆಚ್ಚು ಕುಡಿಯುತ್ತಾರೆ. ಇಂಥ ಬಡಾವಣೆಗಳು ಎಲ್ಲ ನಗರಗಳಲ್ಲೂ ಇವೆ. ನಮ್ಮಲ್ಲಿ ಬಸ್ ನಿಲ್ದಾಣದ ಬಳಿ ಹಣ್ಣು ಮಾರುವವರು, ಸಂಚಾರ ಪೊಲೀಸರು, ರಿಕ್ಷಾ ಚಾಲಕರು, ಹೆದ್ದಾರಿ ಬದಿಯ ಶಾಲೆಯ ಮಕ್ಕಳು ಇದೇ ಸಾಲಿಗೆ ಸೇರಿದವರು. ಪೆಟ್ರೋಲ್ ಬೆಲೆ ಏರಿದರೆ ಪ್ರತಿಭಟಿಸಲು ಸಂಘಗಳಿವೆ. ಗಾಳಿ ಕೆಟ್ಟರೆ ಪ್ರತಿಭಟಿಸಲು ಐದು ವರ್ಷದ ಮಗುವಿಗೆ ಯಾವ ಸಂಘವಿದೆ? ಅದಕ್ಕೆ ಮತವೂ ಇಲ್ಲ, ಸಮೀಕ್ಷೆಯವರು ಅದನ್ನು ಕೇಳುವುದೂ ಇಲ್ಲ.

ಆದ್ದರಿಂದ ‘ಜನ ಒಪ್ಪುವುದಿಲ್ಲ’ ಎಂದು ಕೈ ಕಟ್ಟಿ ಕೂರುವವರಿಗೂ, ‘ಜನ ಒಪ್ಪಿದ್ದಾರೆ’ ಎಂದು ಅಂಕಿ ತೋರಿಸಿ ಮೈ ಮರೆಯುವವರಿಗೂ ನಾವು ಹೇಳಬೇಕಾದ ಮಾತು ಒಂದೇ. ಜನರ ಒಪ್ಪಿಗೆಯನ್ನು ಎಣಿಸಿ ಪಡೆಯಲಾಗದು, ಗಳಿಸಿ ಪಡೆಯಬೇಕು. ಮೊದಲು ಬಸ್ಸು ಬರಲಿ, ಭಾರವನ್ನು ನ್ಯಾಯವಾಗಿ ಹಂಚಲಿ, ಹಣದ ಲೆಕ್ಕವನ್ನು ಬಹಿರಂಗವಾಗಿ ಇಡಲಿ. ಅಷ್ಟಾದ ಮೇಲೂ ನಮ್ಮಿಂದ ಸ್ವಲ್ಪ ತ್ಯಾಗವನ್ನು ಕೇಳಿದರೆ, ಮತವಿಲ್ಲದ ಆ ಮಗುವಿನ ಪರವಾಗಿ ‘ಹೌದು’ ಎನ್ನುವ ಹೊಣೆ ನಿಮ್ಮದು ಮತ್ತು ನನ್ನದು.